ದೊರೆ ಬಂಗಲೆಯನ್ನು ಕೆಡವಬೇಕೆ?

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿರಂಗಾಲದ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ. ಈಗ ಅವನ ತಲೆ ನನ್ನ ತಲೆಗಿಂತ ಹೆಚ್ಚು ನೆರೆತಿದೆ. ಸುಂಟಿಕೊಪ್ಪದ ಆಚೆ ಅವನ ತಂದೆಯವರು ಕೊಂಡ ಒಂದು ಕಾಫಿ ತೋಟವಿದೆ. ಅದರ ನಡುವೆ ಬಿಳಿಯರ ಕಾಲದ ಒಂದು ಇಟ್ಟಿಗೆ ಮನೆ. ತೋಟದ ಕೆಲಸದವರು ಇಂದಿಗೂ ಅದನ್ನು 'ದೊರೆ ಬಂಗಲೆ' ಎಂದೇ ಕರೆಯುತ್ತಾರೆ. ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ಬಂಗಲೆ ನಿಂತ ಜಾಗ ಇಬ್ಬರ ಪಾಲಿಗೂ ಅರ್ಧರ್ಧ ಬಂದಿದೆ.

"ಸಾರ್, ಕೆಡವಿಬಿಡೋಣ ಅಂತಿದ್ದೀವಿ. ಅಣ್ಣ ಜೆಸಿಬಿಯವನ ಹತ್ತಿರ ಮಾತಾಡಿಯೂ ಆಗಿದೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ನಮಗೆ ಚರಿತ್ರೆ ಹೇಳಿಕೊಟ್ಟವರು ನೀವು. ಒಂದು ಸಲ ಬಂದು ನೋಡಿ, ನಿಮಗೆ ಏನನ್ನಿಸುತ್ತೋ ಹೇಳಿ" ಎಂದ.

ಮೂವತ್ತು ವರ್ಷ ಸಮಾಜ ವಿಜ್ಞಾನ ಬೋಧಿಸಿದವನಿಗೆ ಇಂಥ ಕರೆ ಬಂದರೆ ಮಂಡಿನೋವು ಮರೆತುಹೋಗುತ್ತದೆ. ಮರುದಿನವೇ ಹೋದೆ. ಅಲ್ಲಿ ಕಂಡದ್ದನ್ನೂ, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ನಿಮ್ಮೆಲ್ಲರ ಮುಂದೆ ಇಡಬೇಕೆನ್ನಿಸಿತು. ಏಕೆಂದರೆ ಇದು ಅವನೊಬ್ಬನ ಪ್ರಶ್ನೆಯಲ್ಲ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಈ ಪ್ರಶ್ನೆ ಈಗಾಗಲೇ ಎದ್ದಿದೆ, ಇಲ್ಲವೆ ನಾಳೆ ಏಳಲಿದೆ.

ಮೊದಲು ಮನೆಯ ವಿಚಾರ ಹೇಳುತ್ತೇನೆ. ಎತ್ತರದ ಜಗಲಿಯ ಮೇಲೆ ಮೂರು ಕಡೆ ವರಾಂಡ. ನಡುವೆ ದೊಡ್ಡ ಪಡಸಾಲೆ, ಅದರ ಎರಡೂ ಬದಿಗೆ ಎರಡೆರಡು ಕೋಣೆ. ಗೋಡೆಯ ದಪ್ಪ ಒಂದೂವರೆ ಅಡಿ. ಪಡಸಾಲೆಯ ಗೋಡೆಯಲ್ಲಿ ಅಗ್ಗಿಷ್ಟಿಕೆ, ಅದರ ನೇರಕ್ಕೆ ಮೇಲೆ ಮಾಡನ್ನು ಸೀಳಿ ನಿಂತ ಇಟ್ಟಿಗೆಯ ಚಿಮಣಿ. ಇಳಿಜಾರು ಮಾಡಿಗೆ ಮಂಗಳೂರು ಹಂಚು. ಅಡುಗೆಮನೆ ಮಾತ್ರ ಮನೆಯೊಳಗಿಲ್ಲ. ಹತ್ತು ಹೆಜ್ಜೆ ಆಚೆಗೆ ಪ್ರತ್ಯೇಕವಾಗಿದೆ. ಹಿಂಭಾಗದಲ್ಲಿ ಗಾರೆ ಉದುರಿದ ಕಡೆ ಇಟ್ಟಿಗೆಗಳು ಬರಿಮೈಯಲ್ಲಿ ಕಾಣುತ್ತವೆ. ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ.

ಗೋಡೆಯ ಇಟ್ಟಿಗೆಗಳನ್ನು ಜೋಡಿಸಿದ ರೀತಿಯನ್ನು ನೀವು ಎಂದಾದರೂ ಗಮನಿಸಿದ್ದೀರಾ? ಒಂದು ವರಸೆಯಲ್ಲಿ ಎಲ್ಲ ಇಟ್ಟಿಗೆಗಳೂ ತಮ್ಮ ಉದ್ದದ ಬದಿಯನ್ನು ಹೊರಗೆ ತೋರಿಸುತ್ತವೆ. ಅದರ ಮೇಲಿನ ವರಸೆಯಲ್ಲಿ ಎಲ್ಲವೂ ಅಡ್ಡ ತಿರುಗಿ, ಗೋಡೆಯ ದಪ್ಪದೊಳಕ್ಕೆ ತಲೆ ತೂರಿಸಿ, ಮೋಟು ಬದಿಯನ್ನು ಮಾತ್ರ ತೋರಿಸುತ್ತವೆ. ಮತ್ತೆ ಉದ್ದ, ಮತ್ತೆ ಅಡ್ಡ. ಇದಕ್ಕೆ ಕಟ್ಟಡ ಶಾಸ್ತ್ರದಲ್ಲಿ ಇಂಗ್ಲಿಷ್ ಬಾಂಡ್ ಎಂದು ಹೆಸರು. ಒಂದೇ ವರಸೆಯಲ್ಲಿ ಒಂದು ಉದ್ದ, ಒಂದು ಅಡ್ಡವೆಂದು ಬದಲಾಯಿಸಿ ಜೋಡಿಸಿದರೆ ಅದು ಫ್ಲೆಮಿಷ್ ಬಾಂಡ್; ನೋಟಕ್ಕೆ ಹೆಚ್ಚು ಚೆಂದ. ಬಿಗಿಗೆ ಹೆಸರಾದದ್ದು ಮೊದಲನೆಯದು. ಎರಡರಲ್ಲಿಯೂ ಗುಟ್ಟು ಒಂದೇ: ಒಂದರ ಸಂದು ಇನ್ನೊಂದರ ಸಂದಿನ ನೇರಕ್ಕೆ ಬರಬಾರದು. ಮೇಲಿನ ಭಾರ ಒಂದೇ ಬಿರುಕಿನ ಗುಂಟ ಇಳಿಯದೆ ನೂರಾರು ಇಟ್ಟಿಗೆಗಳಿಗೆ ಹಂಚಿಹೋಗುತ್ತದೆ. ತರಗತಿಯಲ್ಲಿ ಒಕ್ಕೂಟ ವ್ಯವಸ್ಥೆಯನ್ನು ವಿವರಿಸುವಾಗ ಈ ಉದಾಹರಣೆ ನನಗೆ ಹೊಳೆದಿರಲಿಲ್ಲವಲ್ಲ ಎಂದು ಅಂದು ಪರಿತಪಿಸಿದೆ.

ಈ ಕ್ರಮ ಇಂಗ್ಲೆಂಡಿನಲ್ಲಿ ಬೇರೂರಿದ್ದಕ್ಕೆ ಒಂದು ಚರಿತ್ರೆಯಿದೆ. 1666ರಲ್ಲಿ ಲಂಡನ್ ನಗರ ನಾಲ್ಕು ದಿನ ಹೊತ್ತಿ ಉರಿಯಿತು. ಮರದ ಮನೆಗಳು ಒತ್ತೊತ್ತಾಗಿದ್ದುದೇ ಆ ಅನಾಹುತ ಅಷ್ಟು ಬೆಳೆಯಲು ಕಾರಣವಾಯಿತು. ಮರುವರ್ಷ ಬಂದ ಕಾಯಿದೆ, ಹೊಸ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ವಿಧಿಸಿತು. ಇಟ್ಟಿಗೆಯ ಬಳಕೆ ಎಷ್ಟು ವ್ಯಾಪಕವಾಯಿತೆಂದರೆ 1784ರಲ್ಲಿ ಸರ್ಕಾರ ಇಟ್ಟಿಗೆಯ ಮೇಲೆಯೇ ತೆರಿಗೆ ಹಾಕಿತು. ತೆರಿಗೆ ಎಣಿಕೆಯ ಲೆಕ್ಕದಲ್ಲಿದ್ದುದರಿಂದ ಇಟ್ಟಿಗೆ ಸುಡುವವರು ಜಾಣತನದಿಂದ ಇಟ್ಟಿಗೆಯ ಗಾತ್ರವನ್ನು ದೊಡ್ಡದು ಮಾಡಿದರು. ತೆರಿಗೆ ರದ್ದಾದದ್ದು 1850ರಲ್ಲಿ. ಕೊಡಗಿನ ಬೆಟ್ಟಗಳಿಗೆ ಬಂದ ಇಂಗ್ಲಿಷರು ಇಂಥ ಇಟ್ಟಿಗೆಯ ನಾಡಿನಿಂದ ಬಂದವರು.

ಅವರು ಇಲ್ಲಿಗೆ ಬಂದ ಬಗೆ ನಿಮಗೆ ಗೊತ್ತು. ನನ್ನ ಪಾಠದಲ್ಲಿ ಕೇಳಿದ್ದೀರಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. ಆ ಕಾರ್ಯ ನಡೆಸಿದ ಕರ್ನಲ್ ಫ್ರೇಸರನ ಹೆಸರು ನಮ್ಮ ಕುಶಾಲನಗರಕ್ಕೆ ಅಂಟಿ, ನನ್ನ ಬಾಲ್ಯದಲ್ಲಿ ಹಿರಿಯರು ಅದನ್ನು ಫ್ರೇಸರ್‌ಪೇಟೆ ಎಂದೇ ಕರೆಯುತ್ತಿದ್ದರು. ಫೌಲರ್ ಎಂಬಾತ 1854ರಲ್ಲಿ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ಮೇಲೆ ಬಿಳಿ ತೋಟಗಾರರು ಸಾಲುಗಟ್ಟಿ ಬಂದರು. ಅವರೊಡನೆ ಬಂಗಲೆಗಳೂ ಬಂದವು.

ಬಂದವು ಎಂದೆನಲ್ಲ, ಆ ಮಾತನ್ನು ಸ್ವಲ್ಪ ತಿದ್ದಬೇಕು. ಈ ಮನೆಯನ್ನು ನಾವು 'ಇಂಗ್ಲಿಷ್ ಮನೆ' ಎನ್ನುತ್ತೇವೆ. ಆದರೆ ಬಂಗಲೆ ಎಂಬ ಪದವೇ ಬಂಗಾಳದ್ದು. ಬಂಗಾಳದ ಹಳ್ಳಿಮನೆಯ ಮಾದರಿಯನ್ನು ಹಿಗ್ಗಿಸಿ ಇಂಗ್ಲಿಷರು ತಮ್ಮದಾಗಿಸಿಕೊಂಡರು. ವರಾಂಡ ನಮ್ಮ ಮಳೆಬಿಸಿಲುಗಳು ಅವರಿಗೆ ಕಲಿಸಿದ ಪಾಠ. ಅಡುಗೆಮನೆಯನ್ನು ದೂರವಿಟ್ಟದ್ದು ಹೊಗೆಗೆ, ಬೆಂಕಿಗೆ ಹೆದರಿ. ಮಾಡಿನ ಹಂಚು ಮಂಗಳೂರಿನದು: 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಪಾದ್ರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೂಡಿದ, ನೇತ್ರಾವತಿಯ ದಡದ ಜೇಡಿಮಣ್ಣು ದೇಶದ ಮಾಡುಗಳನ್ನೆಲ್ಲ ಏರಿತು. ಅಗ್ಗಿಷ್ಟಿಕೆ, ಚಿಮಣಿ ಮಾತ್ರ ನಿಜವಾದ ಇಂಗ್ಲಿಷ್ ವಸ್ತುಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಅವೂ ಪರಕೀಯವೆನ್ನಿಸಲಿಲ್ಲ.

ಇನ್ನು ಇಟ್ಟಿಗೆ? ಆ ಹಿಂಗೋಡೆಯಲ್ಲಿ ನಾನು ಒಂದೊಂದೇ ಇಟ್ಟಿಗೆಯನ್ನು ನೋಡುತ್ತ ಹೋದಾಗ, ಒಂದರ ಮೇಲೆ ನಾಲ್ಕು ಬೆರಳಿನ ಗುರುತು ಕಂಡಿತು. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ಬಿಡಿಸಿ ಒಣಗಲು ಇಡುವಾಗ ಒತ್ತಿಹೋದ ಗುರುತು. ನನ್ನ ಬೆರಳುಗಳನ್ನು ಅದರ ಮೇಲಿಟ್ಟೆ, ನನ್ನವು ದೊಡ್ಡವಾದವು. ಒಬ್ಬ ಹೆಂಗಸಿನದೋ, ಹತ್ತು ಹನ್ನೆರಡರ ಮಗುವಿನದೋ ಇರಬೇಕು. ನಮ್ಮ ಕಾವೇರಿ ದಡದ ಊರುಗಳಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಯ ಮಣ್ಣು ಕಲಸಿ, ತುಳಿದು, ಅಚ್ಚು ಹಾಕಿ, ಗೂಡು ಕಟ್ಟಿ ಸುಡುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ತುಳಿಯುವ ಕಾಲುಗಳು ಯಾರವು, ಅಚ್ಚು ಬಿಡಿಸುವ ಕೈಗಳು ಯಾರವು ಎಂಬುದನ್ನು ಬಲ್ಲೆ. ಮನೆಯ ನಕ್ಷೆ ದೊರೆಯದಿರಬಹುದು; ಮಣ್ಣು, ಬೆವರು, ಕರಣೆ ಹಿಡಿದ ಕೈ ಎಲ್ಲವೂ ನಮ್ಮವೇ.

ಇಲ್ಲಿ ನಾನು ಇಂಗ್ಲೆಂಡಿನಲ್ಲಿಯೇ ನೋಡಿದ ಒಂದು ಇಟ್ಟಿಗೆ ಮನೆಯ ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ, ನಗರದ ಆಗ್ನೇಯ ಅಂಚಿನ ಬೆಕ್ಸ್‌ಲಿಹೀತ್ ಎಂಬಲ್ಲಿಗೆ ನನ್ನನ್ನು ಕರೆದೊಯ್ದಳು. ಅಲ್ಲಿನ ರೆಡ್ ಹೌಸ್, ಅಂದರೆ ಕೆಂಪು ಮನೆ, ವಿಲಿಯಂ ಮಾರಿಸ್ ಎಂಬ ಕವಿ, ಕುಶಲಕರ್ಮಿ, ಸಮಾಜವಾದಿ ಕಟ್ಟಿಸಿದ್ದು. ಅವನ ಗೆಳೆಯ ಫಿಲಿಪ್ ವೆಬ್ 1859ರಲ್ಲಿ ಅದರ ನಕ್ಷೆ ಬರೆದ. ಮರುವರ್ಷ ಮನೆ ಮುಗಿಯಿತು. ಆಗ ಮಾರಿಸನಿಗೆ ಇನ್ನೂ ಇಪ್ಪತ್ತೈದರ ಆಸುಪಾಸು. ಅನುಕೂಲಸ್ಥರು ಇಟ್ಟಿಗೆಯ ಮೇಲೆ ಗಿಲಾವು ಬಳಿದು ಕಲ್ಲಿನಂತೆ ತೋರಿಸಿಕೊಳ್ಳುತ್ತಿದ್ದ ಕಾಲ ಅದು. ವೆಬ್ ಏನನ್ನೂ ಬಳಿಯಲಿಲ್ಲ. ಕೆಂಪು ಇಟ್ಟಿಗೆಯನ್ನು ಕೆಂಪಾಗಿಯೇ ಬಿಟ್ಟ. ಮುಂಭಾಗ ಸಮತೂಕವಾಗಿ ಕಾಣಲೆಂದು ಕಿಟಕಿಗಳನ್ನು ಸಾಲಾಗಿ ಕೂರಿಸಲಿಲ್ಲ. ಒಳಗಿನ ಕೋಣೆಗೆ ಎಲ್ಲಿ, ಎಷ್ಟು ಬೆಳಕು ಬೇಕೋ ಅಲ್ಲಿ, ಅಷ್ಟು ದೊಡ್ಡದಾಗಿ ಇಟ್ಟ. ಮನೆ ಮೊಳಕೋಲಿನಂತೆ ತಿರುಗಿ ಒಂದು ಅಂಗಳವನ್ನು ತಬ್ಬಿದೆ. ಅಂಗಳದ ಬಾವಿಗೆ ಶಂಕುವಿನಾಕಾರದ ಹಂಚಿನ ಚಾವಣಿ. ಅರಮನೆಯೂ ಅಲ್ಲ, ಗುಡಿಸಲೂ ಅಲ್ಲ; ಸುಳ್ಳು ಹೇಳದ ಮನೆ. ಮಾರಿಸ್ ಅಲ್ಲಿ ಬಾಳಿದ್ದು ಐದೇ ವರ್ಷ. ಆಮೇಲೆ ಕೈಯಿಂದ ಕೈಗೆ ದಾಟುತ್ತ ಬಂದ ಆ ಮನೆಯನ್ನು 2003ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ವಹಿಸಿಕೊಂಡಿತು.

ಆ ಅಂಗಳದಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಕೊಡಗಿನ ಕೊನೆಯ ಅರಸ. ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಮಗಳು ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತ ಮತ ಸೇರಿದಳು. ತನ್ನ ಹಣಕ್ಕಾಗಿ ಕಂಪನಿಯ ಮೇಲೆ ದಾವೆ ಹೂಡಿದ ಅರಸ ನ್ಯಾಯ ಕಾಣದೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡ. ವೆಬ್ ಕೆಂಪು ಮನೆಯ ನಕ್ಷೆ ಬರೆದ ವರ್ಷವೂ ಅದೇ. ಒಂದು ನಾಡು ಮನೆ ಕಟ್ಟುವ ಚೆಲುವನ್ನು ಧೇನಿಸುತ್ತಿದ್ದ ಹೊತ್ತಿನಲ್ಲಿ, ಅದೇ ನಾಡಿನ ಆಳ್ವಿಕೆಯಿಂದ ಮನೆ ಕಳೆದುಕೊಂಡವನೊಬ್ಬ ಅಲ್ಲಿಯೇ ಕೆಲವು ಮೈಲಿ ದೂರದಲ್ಲಿ ಪ್ರಾಣ ಬಿಟ್ಟ. ಇಂಗ್ಲಿಷ್ ಮನೆಯ ಚೆಲುವನ್ನು ಹೊಗಳುವಾಗ ಇದನ್ನು ಮರೆಯಕೂಡದೆಂದು ನನಗೆ ನಾನೇ ಹೇಳಿಕೊಂಡೆ.

ಹಾಗೆಯೇ ಮಾರಿಸನಿಂದ ಕಲಿಯುವುದನ್ನೂ ಬಿಡಬೇಕಾಗಿಲ್ಲ. 1877ರಲ್ಲಿ ಅವನು ಹಳೆಯ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘ ಕಟ್ಟಿದ. ಅದರ ತತ್ತ್ವ ಸರಳ: ಹಳೆಯದನ್ನು ಹೊಸದರಂತೆ ಮಾಡಲು ಹೋಗಬೇಡಿ, ಕೆರೆದು, ತಿದ್ದಿ, ಅಲಂಕರಿಸಬೇಡಿ, ದಿನದಿನದ ಆರೈಕೆಯಿಂದ ಶಿಥಿಲತೆಯನ್ನು ತಡೆಯಿರಿ. ಆ ಸಂಘ ಇಂದಿಗೂ ಕೆಲಸ ಮಾಡುತ್ತಿದೆ. ಒಡೆದ ಹಂಚನ್ನು ಇಂದೇ ಬದಲಿಸಿದರೆ ನಾಳೆ ತೊಲೆ ಬದಲಿಸುವ ಪ್ರಮೇಯ ಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದುದೂ ಇದನ್ನೇ.

ಈಗ ನನ್ನ ತಪ್ಪೊಪ್ಪಿಗೆ. 1990ರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ ಇಟ್ಟಿಗೆ ಗಾರೆಯ ಹಳೆಯ ಸಭಾಂಗಣವೊಂದಿತ್ತು. ನಿಮ್ಮಲ್ಲಿ ಕೆಲವರು ಅದರಲ್ಲಿ ನಾಟಕ ಆಡಿದ್ದೀರಿ. ಮಾಡು ಸೋರುತ್ತಿತ್ತು, ಒಂದು ಮೂಲೆ ಬಿರಿದಿತ್ತು. ಕಟ್ಟಡ ಸಮಿತಿಯಲ್ಲಿದ್ದ ನಾನು 'ಶಿಥಿಲವಾಗಿದೆ, ಕೆಡವಬಹುದು' ಎಂದು ಬರೆದ ಕಾಗದಕ್ಕೆ ರುಜು ಹಾಕಿದೆ. ಹೊಸ ಕಟ್ಟಡದ ಆಸೆ ನನಗೂ ಇತ್ತು, ಸುಳ್ಳಾಡಲಾರೆ. ಕೆಡವಲು ಬಂದವರು ಎರಡು ದಿನದ ಕೆಲಸವೆಂದಿದ್ದರು. ಎರಡು ವಾರ ಹಾರೆ ಹಾಕಿದರೂ ಗೋಡೆ ಬೇಗ ಜಗ್ಗಲಿಲ್ಲ. ಮೇಸ್ತ್ರಿ ನನ್ನ ಮುಂದೆ ಬಂದು, "ಸಾರ್, ಇದು ಶಿಥಿಲ ಅಂತ ಯಾರು ಹೇಳಿದ್ದು?" ಎಂದು ಕೇಳಿದ. ನಾನು ಉತ್ತರಿಸಲಿಲ್ಲ. ಬೇಕಿದ್ದುದು ನಾಲ್ಕು ತೊಲೆ, ಐನೂರು ಹಂಚು, ಒಂದು ಮೂಲೆಗೆ ಗಾರೆ. ಅದರ ಜಾಗದಲ್ಲಿ ಎದ್ದ ಕಾಂಕ್ರೀಟು ಕಟ್ಟಡದ ತಾರಸಿ ಹತ್ತು ಮಳೆಗಾಲ ಕಾಣುವುದರೊಳಗೆ ಸೋರತೊಡಗಿತು. ಆ ರುಜು ನನ್ನ ಕೈಯದೇ.

ಎರಡನೆಯ ತಪ್ಪು ನನ್ನ ಸ್ವಂತ ಮನೆಯಲ್ಲಿ. ನಮ್ಮ ತಂದೆ ಕಟ್ಟಿಸಿದ ನಡುಮನೆಯ ಗೋಡೆ ನಾಡ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಗಟ್ಟಿಯಾಗಲಿ ಎಂಬ ಭ್ರಮೆಯಿಂದ ಅದರ ಮೇಲೆ ಸಿಮೆಂಟು ಮೆತ್ತಿಸಿದೆ. ಮೂರನೆಯ ವರ್ಷಕ್ಕೆ ಗೋಡೆ ಬೆವರತೊಡಗಿತು. ಬಣ್ಣ ಹಪ್ಪಳದಂತೆ ಎದ್ದಿತು. ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಸುಣ್ಣದಕಲ್ಲನ್ನೋ ಚಿಪ್ಪನ್ನೋ ಸುಟ್ಟು, ನೀರು ಹಾಕಿ ಅರಳಿಸಿ, ಮರಳೋ ಇಟ್ಟಿಗೆಯ ಪುಡಿಯೋ ಬೆರೆಸಿ ಅರೆದ ಗಾರೆ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಕಲ್ಲಾದರೂ ಅದರೊಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮಳೆಗಾಲದಲ್ಲಿ ಗೋಡೆ ಹೀರಿದ ತೇವ ಬಿಸಿಲು ಬಂದಾಗ ಅದರ ಮೂಲಕವೇ ಹೊರಗೆ ಹೋಗುತ್ತದೆ. 1824ರಲ್ಲಿ ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟು ಕಾಂಕ್ರೀಟಿಗೆ ಶ್ರೇಷ್ಠ. ಆದರೆ ಮೆದು ಇಟ್ಟಿಗೆಯ ಹಳೆಯ ಗೋಡೆಗೆ ಅದನ್ನು ಮೆತ್ತಿದರೆ ಮಳೆಯಂಗಿ ತೊಡಿಸಿ ಬಿಸಿಲಲ್ಲಿ ಓಡಿಸಿದಂತೆ. ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಹಳೆಯ ಮನೆ ಹಾಳಾಯಿತೆಂದು ನಾವು ದೂರುವಾಗ ಎಷ್ಟೋ ಸಲ ಹಾಳು ಮಾಡಿದ್ದು ನಮ್ಮ ಹೊಸ ಉಪಚಾರ.

ಇಷ್ಟು ಹೇಳಿದರೂ, ಬಂಗಲೆಯನ್ನು ಉಳಿಸಬಾರದೆನ್ನುವವರ ವಾದಕ್ಕೆ ಕಿವಿಗೊಡದಿದ್ದರೆ ನ್ಯಾಯವಾಗದು. ನನ್ನ ವಿದ್ಯಾರ್ಥಿಯ ಅಣ್ಣ ನೇರವಾಗಿ ಕೇಳಿದ: "ಮೇಷ್ಟ್ರೇ, ನಮ್ಮನ್ನು ಆಳಿದವನ ಮನೆ. ಅದಕ್ಕೆ ಯಾಕೆ ನಾವು ಪೂಜೆ ಮಾಡಬೇಕು?" ತೂಕದ ಪ್ರಶ್ನೆ. ಅದಕ್ಕಿಂತ ತೂಕದ ಮಾತು ಬಂದದ್ದು ಅಲ್ಲಿ ಚಹ ತಂದಿಟ್ಟ ಹೆಂಗಸಿನಿಂದ. ಅವಳು ಹುಟ್ಟಿ ಬೆಳೆದದ್ದು ತೋಟದ ಲೈನ್ ಮನೆಯಲ್ಲಿ. "ನನ್ನ ಅಜ್ಜಿ ಈ ವರಾಂಡ ಗುಡಿಸ್ತಿದ್ಲಂತೆ. ಒಳಗೆ ಹೇಗಿದೆ ಅಂತ ಸಾಯೋವರೆಗೂ ನೋಡಿರಲಿಲ್ಲ" ಎಂದಳು. ಬಂಗಲೆಯ ಗೋಡೆ ಒಂದೂವರೆ ಅಡಿ ದಪ್ಪ. ಅರ್ಧ ಮೈಲಿ ಕೆಳಗಿನ ಲೈನಿನಲ್ಲಿ ಒಂದು ಕುಟುಂಬಕ್ಕೆ ಒಂದೇ ಕೋಣೆ. ಎರಡನ್ನೂ ಕಟ್ಟಿಸಿದವನು ಒಬ್ಬನೇ ದೊರೆ. ದೊರೆ ಹೋಗಿ ಕಾಲವಾಯಿತು. ಲೈನು ಇನ್ನೂ ಇದೆ.

ನನ್ನ ಉತ್ತರ ಇದು. ಉಳಿಸುವುದೆಂದರೆ ಪೂಜಿಸುವುದಲ್ಲ. ಬಂಗಲೆಯನ್ನು ಕೆಡವಿದರೆ ಆ ಅಜ್ಜಿಗೆ ನ್ಯಾಯ ಸಿಗುವುದಿಲ್ಲ. ಅವಳಿಗೆ ಬಾಗಿಲು ಮುಚ್ಚಿತ್ತು ಎಂಬುದಕ್ಕೆ ಇರುವ ಸಾಕ್ಷಿಯೇ ಅಳಿಯುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯುವುದು ಸರಿಯಾದ ಉತ್ತರ. ಆದರೆ ಬಂಗಲೆಯನ್ನು ತೊಳೆದು ಹೊಳಪಿಸಿ, 'ಬ್ರಿಟಿಷ್ ವೈಭವ' ಎಂದು ಫಲಕ ಹಾಕಿ, ಲೈನಿನ ಕಥೆಯನ್ನು ಮರೆಮಾಚಿದರೆ ಅದು ಕೆಡವುವುದಕ್ಕಿಂತ ದೊಡ್ಡ ಸುಳ್ಳು. ಬಂಗಲೆಯ ದುರಸ್ತಿಗೆ ಹಣವಿದ್ದರೆ ಮೊದಲ ಪಾಲು ಲೈನ್ ಮನೆಗಳ ಮಾಡಿಗೆ ಸಲ್ಲಬೇಕು. ಈ ಷರತ್ತಿಲ್ಲದೆ ನಾನು ಯಾವ ಬಂಗಲೆಯ ಪರವಾಗಿಯೂ ವಕಾಲತ್ತು ವಹಿಸಲಾರೆ.

ಬಾಗಿಲು ತೆರೆದ ಉದಾಹರಣೆಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ. ಮಡಿಕೇರಿಯ 'ಸನ್ನಿ ಸೈಡ್' ಜನರಲ್ ಕೊಡಂದೇರ ತಿಮ್ಮಯ್ಯನವರ ಮನೆ. 1906ರಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಸೈಪ್ರಸ್ಸಿನಲ್ಲಿ ತೀರಿಕೊಂಡವರು ಅವರು. ಹೆಸರೂ ಇಂಗ್ಲಿಷು, ರೂಪವೂ ಆ ಕಾಲದ ಬಂಗಲೆಯದು. ಆದರೆ ಬಾಳಿದವರು ಕೊಡಗಿನವರು. ಬಹುಕಾಲ ಅಲ್ಲಿ ಸಾರಿಗೆ ಇಲಾಖೆಯ ಕಚೇರಿಯಿತ್ತು. ಲೈಸೆನ್ಸಿಗೆ ಹೋದವರಿಗೆ ಅದು ಯಾರ ಮನೆಯೆಂಬುದೇ ತಿಳಿದಿರಲಿಲ್ಲ. ಕೊನೆಗೆ ಅದನ್ನು ದುರಸ್ತಿಪಡಿಸಿ ವಸ್ತು ಸಂಗ್ರಹಾಲಯವಾಗಿಸಿ, 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಮಡಿಕೇರಿ ಕೋಟೆಯೊಳಗೆ ಇಂಗ್ಲಿಷರು 1850ರ ದಶಕದಲ್ಲಿ ಕಟ್ಟಿಸಿದ ಸಂತ ಮಾರ್ಕನ ಚರ್ಚು ಇಂದು ಸರ್ಕಾರಿ ವಸ್ತು ಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯ ಬೆಳಕಿನಲ್ಲಿ ನಮ್ಮ ಹಳೆಯ ಶಿಲ್ಪಗಳು ನಿಂತಿವೆ. ನಾನು ಎಷ್ಟು ತಂಡ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇನೆ ಎಂಬುದಕ್ಕೆ ನೀವೇ ಸಾಕ್ಷಿ. ಬೆಂಗಳೂರಿನ ಅಠಾರ ಕಚೇರಿ 1868ರದು. 1980ರ ದಶಕದಲ್ಲಿ ಅದನ್ನು ಕೆಡವುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು, ಇಂದಿಗೂ ಅಲ್ಲಿ ಉಚ್ಚ ನ್ಯಾಯಾಲಯ ನಡೆಯುತ್ತಿದೆ.

ಇಟ್ಟಿಗೆಯ ವಿಚಾರದಲ್ಲಿ ಇನ್ನೊಬ್ಬ ಇಂಗ್ಲಿಷನನ್ನು ನೆನೆಯದೆ ಇರಲಾರೆ. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್ ಭಾರತದ ಪೌರತ್ವ ಪಡೆದು ಇಲ್ಲಿಯವರೇ ಆದರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ 'ಇಲಿಬೋನು' ಜೋಡಣೆಯನ್ನು ಅವರು ಇಲ್ಲಿ ಜನಪ್ರಿಯಗೊಳಿಸಿದರು. ಅದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ನಡುವಿನ ಗಾಳಿ ಬಿಸಿಲನ್ನು ತಡೆಯುತ್ತದೆ. ದೊರೆಯಾಗಿ ಬಂದವನ ಇಟ್ಟಿಗೆ ಮನೆಗೂ, ಬಡವರಿಗೆ ಮನೆ ಕಟ್ಟಲು ನಿಂತವರ ಇಟ್ಟಿಗೆ ಮನೆಗೂ ಇರುವ ಅಂತರವೇ ನಾವು ಚರಿತ್ರೆಯಿಂದ ಕಲಿಯಬೇಕಾದ ಪಾಠ. ಇಟ್ಟಿಗೆಗೆ ಜಾತಿಯಿಲ್ಲ, ದೇಶವಿಲ್ಲ. ಅದು ಯಾರಿಗಾಗಿ ಗೋಡೆಯಾಗುತ್ತದೆ ಎಂಬುದೇ ಪ್ರಶ್ನೆ.

ಕೊಡಗಿನ ಮಟ್ಟಿಗೆ ಇನ್ನೊಂದು ಮಾತಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ್ದನ್ನು, ಆ ವರ್ಷವೂ ಮರುವರ್ಷವೂ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಜಾರುವ ಬೆಟ್ಟದ ಮುಂದೆ ಯಾವ ಬಗೆಯ ಗೋಡೆಯೂ ನಿಲ್ಲದು. ಹಳೆಯ ಇಟ್ಟಿಗೆ ಪವಾಡ ಮಾಡುತ್ತದೆಂದು ನಾನು ಹೇಳುವುದಿಲ್ಲ. ಆದರೆ ಈ ಬಂಗಲೆಯನ್ನು ಕಟ್ಟಿದವರು ಬೆಟ್ಟವನ್ನು ಕಡಿದು ನೆಲ ಮಾಡಲಿಲ್ಲ. ಸಹಜವಾಗಿ ಸಮತಟ್ಟಾದ ಜಾಗ ಹುಡುಕಿದರು. ಮಾಡಿನ ನೀರು ಬೀಳುವಲ್ಲಿ ಕಲ್ಲುಚರಂಡಿ ಮಾಡಿ ಮೂರು ದಿಕ್ಕಿಗೆ ಹರಿಯಬಿಟ್ಟರು. ಅಣ್ಣತಮ್ಮಂದಿರು ಹೊಸ ಮನೆಗೆ ಆರಿಸಿರುವ ಜಾಗವನ್ನೂ ನೋಡಿದೆ: ಇಳಿಜಾರನ್ನು ಹದಿನೈದು ಅಡಿ ಕಡಿಯಬೇಕು. ಹಳೆಯ ಮನೆಯಿಂದ ಮೊದಲು ಕಲಿಯಬೇಕಾದದ್ದು ಅದು ನಿಂತ ಜಾಗವನ್ನು ಎಂದು ಅವರಿಗೆ ಹೇಳಿದೆ.

ಹಾಗಾದರೆ ಏನು ಮಾಡಬೇಕು? ನಮ್ಮ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯಿದೆ 1961ರದು. ಅದು ಕೋಟೆ, ಗುಡಿ, ಶಾಸನಗಳನ್ನು ಕಾಯುವಷ್ಟು ಜನ ಬದುಕುವ ಮನೆಗಳನ್ನು ಕಾಯಲಾರದು. ಮನೆಯೊಡೆಯನ ಕೈ ಕಟ್ಟಬೇಕೆಂದೂ ನಾನು ಹೇಳುವುದಿಲ್ಲ. ಸೋರುವ ಮನೆಯಲ್ಲಿ ಬಾಳಬೇಕಾದವನು ಅವನು. ಆದರೆ ಮೂರು ಕೆಲಸಗಳು ನಮ್ಮ ಕೈಯಲ್ಲಿವೆ. ಮೊದಲನೆಯದು, ಕೆಡವುವ ಮುನ್ನ ಗಾರೆ ಕೆಲಸ ಬಲ್ಲ ಹಳೆಯ ಮೇಸ್ತ್ರಿಯೊಬ್ಬರಿಗೆ ಮನೆ ತೋರಿಸಿ, ದುರಸ್ತಿಗೆ ಎಷ್ಟಾಗುತ್ತದೆಂದು ಕೇಳುವುದು. ಕೆಡವುವ ಖರ್ಚು, ಹೊಸದರ ಖರ್ಚು ಎರಡನ್ನೂ ಕೂಡಿಸಿ ಪಕ್ಕದಲ್ಲಿ ಬರೆಯುವುದು. ಗಣಿತ ಮೇಷ್ಟ್ರು ಬೇಕಾಗಿಲ್ಲ. ಎರಡನೆಯದು, ಉಳಿಸುವುದಾದರೆ ಮಾಡಿನಿಂದ ಆರಂಭಿಸುವುದು: ಹಂಚು, ರೀಪು, ನೀರು ಹೋಗುವ ದಾರಿ, ಗೋಡೆಗೆ ಸಿಮೆಂಟು ಮುಟ್ಟಿಸದಿರುವುದು. ಮೂರನೆಯದು, ಉಳಿಸಲು ಸಾಧ್ಯವೇ ಇಲ್ಲದಿದ್ದರೆ ಅಳತೆ ಹಿಡಿದು, ನಕ್ಷೆ ಬರೆದು, ಚಿತ್ರ ತೆಗೆದು, ಅಲ್ಲಿ ದುಡಿದವರ ಮಾತು ಕೇಳಿ ಬರೆದಿಡುವುದು. ಇದಕ್ಕೆ ಪ್ರೌಢಶಾಲೆಯ ಮಕ್ಕಳು ಸಾಕು. ಒಂದು ಟೇಪು, ಒಂದು ನೋಟುಪುಸ್ತಕ, ಒಂದು ಮೊಬೈಲು. ನಿಮ್ಮಲ್ಲಿ ಈಗ ಮೇಷ್ಟ್ರಾಗಿರುವವರು ಈ ಕೆಲಸವನ್ನು ಮುಂದಿನ ರಜೆಗೇ ಕೈಗೆತ್ತಿಕೊಳ್ಳಬಹುದು.

ಅಂದು ಹೊರಡುವಾಗ ನನ್ನ ವಿದ್ಯಾರ್ಥಿ, "ಸಾರ್, ಕೊನೆಗೆ ಏನು ಹೇಳ್ತೀರಿ? ಕೆಡವಬೇಕೋ ಬೇಡವೋ?" ಎಂದು ಕೇಳಿದ. "ನಾನು ಒಂದು ಸಲ ನೋಡದೆ ರುಜು ಹಾಕಿದ್ದೇನಪ್ಪ. ಈ ಸಲ ನೋಡಿ ಹೇಳುತ್ತಿದ್ದೇನೆ, ಬೇಡ" ಎಂದೆ. ಅವನ ಅಣ್ಣ ಒಪ್ಪಲಿಲ್ಲ. ಆದರೆ ಕಾಫಿ ಕೊಯ್ಲು ಮುಗಿಯುವವರೆಗೆ ಜೆಸಿಬಿ ಕರೆಸುವುದಿಲ್ಲವೆಂದೂ, ಅಷ್ಟರೊಳಗೆ ಮೇಸ್ತ್ರಿಯಿಂದ ಲೆಕ್ಕ ಹಾಕಿಸುವುದಾಗಿಯೂ ಮಾತು ಕೊಟ್ಟ. ಸೋಮವಾರಪೇಟೆಯ ಕಡೆ ಗಾರೆ ಅರೆದು ಬಲ್ಲ ವೃದ್ಧರೊಬ್ಬರಿದ್ದಾರೆಂದು ಕೇಳಿದ್ದೇನೆ. ಮುಂದಿನ ವಾರ ಅವರನ್ನು ಹುಡುಕಿಕೊಂಡು ಹೋಗುವವನಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಅಂಥ ಕೆಲಸಗಾರರು ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಕೊಯ್ಲಿಗೆ ಇನ್ನು ಹೆಚ್ಚು ದಿನಗಳಿಲ್ಲ.